ಹೊಸ ಟ್ರ್ಯಾಕ್ಟರ್‌ಗೆ ದೊಡ್ಡ ಟೈರ್ ಹಾಕಿಸಿದರೆ ಶಕ್ತಿ ಹೆಚ್ಚುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

"ಹೊಸ ಟ್ರ್ಯಾಕ್ಟರ್ ತಗೊಳ್ತಿದ್ದೀರಾ? ಶೋರೂಂನವರು ಹೇಳದ ಗುಟ್ಟು ಇಲ್ಲಿದೆ! ದೊಡ್ಡ ಸೈಜಿನ ಟೈರ್ ಕೇಳಿ, ಲಗ್ ಎಷ್ಟು ಆಳ ಇದ್ದರೆ ಅಷ್ಟು ಒಳ್ಳೆಯದು, ಹಿಂದಿನ ಎರಡೂ ಟೈರಿಗೆ ನೀರು ತುಂಬಿಸಿ. 45 ಎಚ್‌ಪಿ ಗಾಡಿ 55 ಎಚ್‌ಪಿ ಥರ ಎಳೆಯುತ್ತೆ. ರೈತ ಬಂಧುಗಳಿಗೆಲ್ಲ ಶೇರ್ ಮಾಡಿ."

ಈ ಧಾಟಿಯ ಸಂದೇಶಗಳು, ರೀಲ್ಸ್‌ಗಳು ನಿಮ್ಮ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ಪೂರ್ತಿ ಸುಳ್ಳು ಎನ್ನುವಂಥದ್ದು ಒಂದೇ, ಎಚ್‌ಪಿ ಹೆಚ್ಚುತ್ತದೆ ಎಂಬ ಮಾತು. ಉಳಿದದ್ದು ಅರ್ಧ ಸತ್ಯ. ಒಬ್ಬರ ಹೊಲಕ್ಕೆ ಸರಿಹೋಗುವ ಟೈರ್ ಇನ್ನೊಬ್ಬರ ಜೇಬಿಗೆ ಕತ್ತರಿ ಹಾಕುತ್ತದೆ. ಹಾಗಾದರೆ ಸರಿಯಾದ ಟೈರ್ ಯಾವುದು? ಅದನ್ನು ತಿಳಿಯಲು ಮೊದಲು ನಿಮಗೆ ನೀವೇ ಒಂದು ಪ್ರಶ್ನೆ ಹಾಕಿಕೊಳ್ಳಬೇಕು: ವರ್ಷದಲ್ಲಿ ನಿಮ್ಮ ಟ್ರ್ಯಾಕ್ಟರ್ ಎಷ್ಟು ಗಂಟೆ ಹೊಲದಲ್ಲಿ ಓಡುತ್ತದೆ, ಎಷ್ಟು ಗಂಟೆ ಡಾಂಬರು ರಸ್ತೆಯಲ್ಲಿ ಓಡುತ್ತದೆ?

ಟೈರ್ ಮೇಲಿನ ಅಂಕಿ ಏನು ಹೇಳುತ್ತದೆ?

ನಮ್ಮಲ್ಲಿ 45-50 ಎಚ್‌ಪಿಯ ಅನೇಕ ಟ್ರ್ಯಾಕ್ಟರ್‌ಗಳಿಗೆ ಹಿಂದಿನ ಟೈರಿನಲ್ಲಿ 13.6-28 ಮತ್ತು 14.9-28 ಎಂಬ ಎರಡು ಆಯ್ಕೆ ಇರುತ್ತವೆ. ಮೊದಲ ಅಂಕಿ ಟೈರಿನ ಅಗಲ, ಇಂಚುಗಳಲ್ಲಿ. ಎರಡನೆಯದು ಟೈರ್ ಕೂರುವ ರಿಮ್ಮಿನ, ಅಂದರೆ ಡಿಸ್ಕಿನ, ವ್ಯಾಸ. ಎರಡೂ ಟೈರು ಕೂರುವುದು 28 ಇಂಚಿನ ರಿಮ್ಮಿನ ಮೇಲೆಯೇ. ಆದರೆ 14.9 ಟೈರ್ ಸುಮಾರು 3 ಸೆಂ.ಮೀ. ಹೆಚ್ಚು ಅಗಲ, ಎತ್ತರದಲ್ಲೂ ಸುಮಾರು 5 ಸೆಂ.ಮೀ. ದೊಡ್ಡದು.

ಎಚ್‌ಪಿ ಮಾತು ಬಿದ್ದುಹೋಗುವುದು ಇಲ್ಲೇ. ಚಕ್ರ ದೊಡ್ಡದಾದರೆ ಒಂದು ಸುತ್ತಿಗೆ ಟ್ರ್ಯಾಕ್ಟರ್ ಹೆಚ್ಚು ದೂರ ಹೋಗುತ್ತದೆ. ಅದೇ ಗೇರಿನಲ್ಲಿ ವೇಗ ಸ್ವಲ್ಪ ಹೆಚ್ಚುತ್ತದೆ, ಆದರೆ ಆಕ್ಸಲ್‌ನಿಂದ ನೆಲಕ್ಕೆ ಸಿಗುವ ಎಳೆತದ ಬಲ ಅಷ್ಟೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ದೊಡ್ಡ ಗಾಲಿಯ ಸೈಕಲ್ಲನ್ನು ಏರಿನಲ್ಲಿ ತುಳಿದವರಿಗೆ ಇದು ಗೊತ್ತು. ಹಾಗಿದ್ದೂ ದೊಡ್ಡ ಟೈರ್ ಹಾಕಿದವರು "ಎಳೆತ ಚೆನ್ನಾಗಿದೆ" ಎನ್ನುತ್ತಾರಲ್ಲ? ಅವರು ಸುಳ್ಳು ಹೇಳುತ್ತಿಲ್ಲ. ಅಗಲವಾದ ಟೈರ್ ಮೆತ್ತನೆಯ ಮಣ್ಣನ್ನು ಹೆಚ್ಚು ಜಾಗದಲ್ಲಿ ಹಿಡಿಯುತ್ತದೆ, ಆದ್ದರಿಂದ ಕಡಿಮೆ ಜಾರುತ್ತದೆ. ಎಂಜಿನ್ನಿನಲ್ಲಿ ಮೊದಲೇ ಇದ್ದ ಶಕ್ತಿ ಜಾರಿ ಪೋಲಾಗುವುದು ನಿಲ್ಲುತ್ತದೆ, ಹೊಸ ಶಕ್ತಿ ಹುಟ್ಟುವುದಿಲ್ಲ. ಗಟ್ಟಿ ನೆಲದಲ್ಲಿ, ರಸ್ತೆಯಲ್ಲಿ ಈ ಲಾಭ ಬಹುತೇಕ ಇಲ್ಲ.

ಅಗಲ ಟೈರಿಗೆ ಇನ್ನೊಂದು ತೊಡಕಿದೆ. ಹತ್ತಿ, ತೊಗರಿ, ಮೆಕ್ಕೆಜೋಳದ ಸಾಲಿನ ಮಧ್ಯೆ ಹರಗಲು, ಔಷಧಿ ಹೊಡೆಯಲು ಟ್ರ್ಯಾಕ್ಟರ್ ಇಳಿಸುವವರಿಗೆ ಪ್ರತಿ ಇಂಚೂ ಲೆಕ್ಕಕ್ಕೆ ಬರುತ್ತದೆ. ಅಂಥವರಿಗೆ ಕಿರಿದಾದ ಟೈರೇ ವಾಸಿ. ಅಡಿಕೆ, ತೆಂಗಿನ ತೋಟದ ಮಿನಿ ಟ್ರ್ಯಾಕ್ಟರ್‌ಗೂ ಇದೇ ಮಾತು.

"ಲಗ್ ಆಳ ಇದ್ದಷ್ಟೂ ಒಳ್ಳೆಯದು" — ನಿಜವೇ?

ಹಿಂದಿನ ಟೈರಿನ ಮೇಲೆ ಓರೆಯಾಗಿ ಎದ್ದು ನಿಂತಿರುವ ರಬ್ಬರ್ ಪಟ್ಟಿಗಳೇ ಲಗ್. ಇವುಗಳ ಆಳ ಮತ್ತು ಬಳಕೆಯನ್ನು ಸೂಚಿಸಲು ಟೈರಿನ ಪಕ್ಕದಲ್ಲಿ ಒಂದು ಗುರುತು ಇರುತ್ತದೆ. ಆರ್-1 ಎಂದರೆ ಸಾಮಾನ್ಯ ಹೊಲದ ಟೈರ್. ಆರ್-1ಡಬ್ಲ್ಯೂ ಅದಕ್ಕಿಂತ ಸುಮಾರು 20-25 ಶೇಕಡಾ ಆಳ, ಹಸಿ ಮಣ್ಣಿಗೆ. ಆರ್-2 ಎಂದರೆ ಆರ್-1ರ ಹೆಚ್ಚುಕಡಿಮೆ ಎರಡರಷ್ಟು ಆಳ. ಆರ್-3 ಹುಲ್ಲುಹಾಸಿಗೆ, ಆರ್-4 ಜೆಸಿಬಿ ಮಾದರಿಯ ಕಟ್ಟಡ ಕೆಲಸದ ಯಂತ್ರಗಳಿಗೆ. ಟೂ ವೀಲ್ ಡ್ರೈವ್ ಟ್ರ್ಯಾಕ್ಟರಿನ ಮುಂದಿನ ಟೈರಿನಲ್ಲಿ ಲಗ್ ಇರುವುದಿಲ್ಲ, ಸುತ್ತಲೂ ಉದ್ದ ಪಟ್ಟಿಗಳಿರುತ್ತವೆ. ಅದರ ಕೆಲಸ ಎಳೆಯುವುದಲ್ಲ, ತಿರುಗಿಸಿದ ಕಡೆ ತಿರುಗುವುದು.

ಆರ್-2ಕ್ಕೆ ಅಂತಾರಾಷ್ಟ್ರೀಯ ಪಟ್ಟಿಯಲ್ಲಿರುವ ಹೆಸರು 'ಭತ್ತ ಮತ್ತು ಕಬ್ಬಿನ ಟೈರ್'. ಗೊಂದಲ ಶುರುವಾಗುವುದು ಈ ಹೆಸರಿನಿಂದಲೇ. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಬ್ಬು ಬೆಳೆಗಾರರು "ನಮ್ಮದು ಕಬ್ಬು, ಹಾಗಾದರೆ ಇದೇ ಬೇಕು" ಎಂದುಕೊಂಡರೆ ತಪ್ಪಲ್ಲ, ಆದರೆ ಲೆಕ್ಕ ತಪ್ಪುತ್ತದೆ. ಆ ಹೆಸರಿನಲ್ಲಿರುವ ಕಬ್ಬು ಎಂದರೆ ನೀರು ನಿಂತ ಕೆಸರಿನ ಕಬ್ಬಿನ ಗದ್ದೆ. ನಮ್ಮಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳ ದೊಡ್ಡ ಕೆಲಸ ಹೊಲದಿಂದ ಫ್ಯಾಕ್ಟರಿಗೆ ಲೋಡ್ ಎಳೆಯುವುದು, ಅಂದರೆ ರಸ್ತೆ ಕೆಲಸ. ಆಳದ ಲಗ್ ರಸ್ತೆಯಲ್ಲಿ ಅತ್ತಿತ್ತ ಬಾಗುತ್ತದೆ, ಬಿಸಿಯಾಗುತ್ತದೆ, ಬೇಗ ಸವೆಯುತ್ತದೆ. ಗಾಡಿ ನಡುಗುತ್ತದೆ, ಚಾಲಕನ ಸೊಂಟವೂ ಸವೆಯುತ್ತದೆ. ಲೋಡ್ ಎಳೆಯುವವರಿಗೆ ಆರ್-1 ಸಾಕು, ಅದೇ ಸರಿ.

ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಭತ್ತದ ಗದ್ದೆ ಕೆಸರು ಮಾಡುವವರ ಕಥೆ ಬೇರೆ. ಅಲ್ಲಿ ಆರ್-2 ಟೈರಿಗೆ ಅರ್ಥವಿದೆ. ಆದರೆ ಕೇಜ್ ವೀಲ್ ಹಾಕಿ ಗದ್ದೆ ಕೆಲಸ ಮುಗಿಸಿ, ಉಳಿದ ದಿನವೆಲ್ಲ ಟ್ರೇಲರ್ ಎಳೆಯುವವರಿಗೆ ಆರ್-1 ಜೊತೆಗೆ ಕೇಜ್ ವೀಲ್ ಕಡಿಮೆ ಖರ್ಚಿನ ದಾರಿ. (ಕೇಜ್ ವೀಲ್ ಬಿಚ್ಚದೆ ಡಾಂಬರು ರಸ್ತೆಗೆ ಇಳಿಯುವುದು ಮಾತ್ರ ಬೇಡ. ರಸ್ತೆಯೂ ಹಾಳು, ಎದುರಿಗೆ ಬರುವ ಬೈಕಿನವರಿಗೂ ಅಪಾಯ.)

ಇನ್ನು ಎರೆ ಭೂಮಿ. ಗದಗ, ವಿಜಯಪುರ, ರಾಯಚೂರು, ಕಲಬುರಗಿಯ ಕಪ್ಪು ಮಣ್ಣು ಒಣಗಿದಾಗ ಕಲ್ಲು, ನೆನೆದಾಗ ಅಂಟು. ಮಳೆ ಬಂದ ಮರುದಿನವೇ ಇಳಿದರೆ ಲಗ್‌ಗಳ ಮಧ್ಯೆ ಮಣ್ಣು ತುಂಬಿ ಟೈರ್ ನುಣುಪಾದ ಡ್ರಮ್ಮಿನಂತಾಗುತ್ತದೆ. ಆಗ ಯಾವ ಕಂಪನಿಯ ಯಾವ ಟೈರೂ ಕೈ ಹಿಡಿಯುವುದಿಲ್ಲ. ಹದ ಬರುವವರೆಗೆ ಕಾಯುವುದಕ್ಕೆ ಬದಲಾಗಿ ಹಾಕಿಸಬಹುದಾದ ಟೈರ್ ಇನ್ನೂ ಬಂದಿಲ್ಲ. ಕೋಲಾರ, ತುಮಕೂರು, ಚಿತ್ರದುರ್ಗದ ಕೆಂಪು ಮಣ್ಣಿನಲ್ಲಿ ಕಲ್ಲು, ಗರಸು ಹೆಚ್ಚು. ಅಲ್ಲಿ ಲಗ್ ಆಳಕ್ಕಿಂತ ಟೈರಿನ ಪಕ್ಕದ ಗೋಡೆ ಎಷ್ಟು ಗಟ್ಟಿ ಎಂಬುದೇ ಮುಖ್ಯ.

ರೇಡಿಯಲ್ ಬೇಕೇ, ಮಾಮೂಲಿ ಸಾಕೇ?

13.6-28 ಎಂದು ಮಧ್ಯೆ ಅಡ್ಡಗೆರೆ ಇದ್ದರೆ ಅದು ಮಾಮೂಲಿ ಟೈರ್, ಬಯಾಸ್ ಎನ್ನುತ್ತಾರೆ. ಅಡ್ಡಗೆರೆಯ ಜಾಗದಲ್ಲಿ 'ಆರ್' ಅಕ್ಷರವಿದ್ದರೆ ರೇಡಿಯಲ್. ರೇಡಿಯಲ್‌ಗಳ ಮೇಲೆ 340/85 ಆರ್ 28 ಎಂಬಂತೆ ಮಿಲಿಮೀಟರಿನ ಅಳತೆಯೂ ಇರುತ್ತದೆ, ಇದು 13.6-28ರ ಜೋಡಿ. 14.9-28ರ ಜೋಡಿ 380/85 ಆರ್ 28.

ಬಯಾಸ್ ಟೈರಿನ ಒಳಗಿನ ದಾರದ ಪದರಗಳು ಒಂದರ ಮೇಲೊಂದು ಓರೆಯಾಗಿ ಹೆಣೆದುಕೊಂಡಿರುತ್ತವೆ. ಹೀಗಾಗಿ ಇಡೀ ಟೈರ್ ಒಂದೇ ಗಟ್ಟಿ ಗಂಟಿನಂತೆ. ರೇಡಿಯಲ್‌ನಲ್ಲಿ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹೋಗುತ್ತವೆ, ಮೇಲ್ಭಾಗಕ್ಕೆ ಪ್ರತ್ಯೇಕ ಪಟ್ಟಿ ಇರುತ್ತದೆ. ಪಕ್ಕದ ಗೋಡೆ ಮೆದುವಾಗಿ ಬಾಗುತ್ತದೆ, ಲಗ್ ಇರುವ ಮೇಲ್ಭಾಗ ಚಪ್ಪಟೆಯಾಗಿ ನೆಲದ ಮೇಲೆ ಹರಡಿಕೊಳ್ಳುತ್ತದೆ. ಹೊಲದಲ್ಲಿ ಜಾರುವುದು ಕಡಿಮೆ, ಡೀಸೆಲ್ ಉಳಿತಾಯ, ಸವೆತ ನಿಧಾನ. ಬೆಲೆ ಮಾತ್ರ ಹೆಚ್ಚು. ವರ್ಷಪೂರ್ತಿ ರೋಟಾವೇಟರ್, ನೇಗಿಲು ಅಂತ ಬಾಡಿಗೆಗೆ ಓಡಿಸುವವರಿಗೆ ಆ ಹಣ ವಾಪಸ್ ಬರುವ ಸಾಧ್ಯತೆ ಇದೆ. ಐದಾರು ಎಕರೆ ಸ್ವಂತ ಜಮೀನು ಮಾತ್ರ ಉಳುವವರಿಗೆ ಬಯಾಸ್ ಸಾಕು ಎಂಬುದು ನಮ್ಮ ಅಭಿಪ್ರಾಯ. ತೊಗರಿ, ಹತ್ತಿ ಕೊಯ್ದ ಮೇಲೆ ನಿಲ್ಲುವ ಕೂಳೆ ಮೊಳೆಯಂತೆ ಚುಚ್ಚುತ್ತದೆ. ಅಂಥ ಹೊಲ, ಕಲ್ಲು ಬದು ಹೆಚ್ಚಿರುವ ಕಡೆಯೂ ಬಯಾಸ್‌ನ ದಪ್ಪ ಪಕ್ಕವೇ ಲೇಸು.

ರೇಡಿಯಲ್ ಹಾಕಿಸಿದವರು ನೆನಪಿಡಬೇಕಾದದ್ದು: ಅದರ ಪಕ್ಕ ಸ್ವಲ್ಪ ಉಬ್ಬಿಕೊಂಡೇ ಇರುತ್ತದೆ. ಅದನ್ನು ನೋಡಿ "ಗಾಳಿ ಕಮ್ಮಿ ಆಗಿದೆ" ಎಂದು ಪಂಕ್ಚರ್ ಅಂಗಡಿಯಲ್ಲಿ ಗಟ್ಟಿಯಾಗಿ ಗಾಳಿ ತುಂಬಿಸಿದರೆ, ರೇಡಿಯಲ್‌ಗೆಂದು ಕೊಟ್ಟ ಹೆಚ್ಚಿನ ಹಣ ಅಲ್ಲಿಗೇ ಮುಗಿಯಿತು.

"12 ಪ್ಲೈ ಅಂದರೆ 8 ಪ್ಲೈಗಿಂತ ಒಳ್ಳೆಯ ಟೈರ್" ಎಂಬ ಮಾತೂ ಓಡಾಡುತ್ತದೆ. ಇಂದಿನ ಟೈರಿನಲ್ಲಿ ಪ್ಲೈ ರೇಟಿಂಗ್ ಎಂದರೆ ಒಳಗೆ ಅಷ್ಟು ಪದರಗಳಿವೆ ಎಂದಲ್ಲ, ಅದು ಬಲದ ಸೂಚ್ಯಂಕ ಅಷ್ಟೇ. ಹೆಚ್ಚು ಪ್ಲೈ ಇದ್ದರೆ ಹೆಚ್ಚು ಗಾಳಿ ತಡೆಯುತ್ತದೆ, ಹೆಚ್ಚು ಭಾರ ಹೊರುತ್ತದೆ. ಜೊತೆಗೆ ಬಿಗಿಯಾಗಿರುತ್ತದೆ, ಹೊಲದಲ್ಲಿ ನೆಲಕ್ಕೆ ಹರಡಿಕೊಳ್ಳುವುದಿಲ್ಲ. ಲೋಡ್ ಎಳೆಯುವವರಿಗೆ ಲಾಭ, ಉಳುವವರಿಗೆ ಅಷ್ಟೇನಿಲ್ಲ.

ಟೈರಿಗಿಂತ ಹೆಚ್ಚು ಕೆಲಸ ಮಾಡುವುದು ಗಾಳಿ

ಇಷ್ಟೆಲ್ಲ ನೋಡಿ ಟೈರ್ ಆರಿಸಿದರೂ ಗಾಳಿ ತಪ್ಪಿದರೆ ಪ್ರಯೋಜನವಿಲ್ಲ. ಮೆತ್ತನೆಯ ಮಣ್ಣಿನ ಮೇಲೆ ಟೈರ್ ಹಾಕುವ ಒತ್ತಡ ಹೆಚ್ಚುಕಡಿಮೆ ಟೈರಿನೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಹಿಂದಿನ ಟೈರಿನಲ್ಲಿ 12 ಪಿಎಸ್‌ಐ ಇದ್ದರೆ ಪ್ರತಿ ಚದರ ಸೆಂ.ಮೀ.ಗೆ ಸುಮಾರು 0.85 ಕೆ.ಜಿ. ಭಾರ. ಅದನ್ನೇ 24 ಮಾಡಿದರೆ ಮೇಲ್ಮಣ್ಣಿನ ಮೇಲಿನ ಒತ್ತಡ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಮಣ್ಣು ಗಟ್ಟಿಯಾಗಿ ಬೇರು, ನೀರು ಎರಡೂ ಇಳಿಯದಂತಾಗುತ್ತದೆ. ಟೈರಿನ ನಡುಭಾಗ ಮಾತ್ರ ನೆಲಕ್ಕೆ ತಾಗುವುದರಿಂದ ಜಾರುವುದೂ ಹೆಚ್ಚು. ಇಲ್ಲೊಂದು ಮಿತಿಯೂ ಇದೆ: ಅಗಲ ಟೈರ್, ಕಡಿಮೆ ಗಾಳಿ ಕಾಪಾಡುವುದು ಮೇಲ್ಮಣ್ಣನ್ನು. ಆಳದ ಮಣ್ಣು ಗಟ್ಟಿಯಾಗುವುದು ಆಕ್ಸಲ್ ಮೇಲಿನ ಒಟ್ಟು ಭಾರದಿಂದ, ಅದನ್ನು ಯಾವ ಟೈರೂ ತಪ್ಪಿಸದು.

ಹಾಗಂತ ಕಡಿಮೆ ಗಾಳಿಯಲ್ಲೇ ಕಬ್ಬಿನ ಲೋಡ್ ಎಳೆಯುವುದು ಅಪಾಯ. ಎರಡು ಚಕ್ರದ ಟ್ರೇಲರ್ ತನ್ನ ಭಾರದ ಒಂದು ಪಾಲನ್ನು ಹಿಚ್ ಮೂಲಕ ಟ್ರ್ಯಾಕ್ಟರಿನ ಹಿಂಬದಿಗೆ ಹೊರಿಸುತ್ತದೆ. ಗಾಳಿ ಕಡಿಮೆ ಇದ್ದರೆ ಪಕ್ಕದ ಗೋಡೆ ಅತಿಯಾಗಿ ಬಾಗಿ ಬಿಸಿಯಾಗುತ್ತದೆ. ರಿಮ್ ಮೇಲೆಯೇ ಟೈರ್ ಜಾರಿ ಟ್ಯೂಬಿನ ವಾಲ್ವ್ ಕಿತ್ತುಬರಬಹುದು. ಹೊಲಕ್ಕೆ ಸಾಮಾನ್ಯವಾಗಿ 12-14 ಪಿಎಸ್‌ಐ ಹೇಳುತ್ತಾರೆ, ರಸ್ತೆ ಲೋಡಿಗೆ ಅದಕ್ಕಿಂತ ಹೆಚ್ಚು ಬೇಕು. ನಿಮ್ಮ ಗಾಡಿಗೆ ನಿಖರವಾಗಿ ಎಷ್ಟು ಎಂಬುದು ಟ್ರ್ಯಾಕ್ಟರ್ ಜೊತೆ ಕೊಡುವ ಪುಸ್ತಕದಲ್ಲಿದೆ. ಆ ಪುಸ್ತಕ ಸೀಟಿನ ಕೆಳಗೆ ಕೊಳೆಯುತ್ತಿದ್ದರೆ ಇವತ್ತು ಹೊರತೆಗೆಯಿರಿ. ಒಂದು ಗಾಳಿ ಮಾಪಕ ಕೊಂಡರೆ ಕೈಯಲ್ಲಿ ಗುದ್ದಿ ನೋಡುವ ಅಭ್ಯಾಸ ತಪ್ಪುತ್ತದೆ.

ನೈಟ್ರೋಜನ್ ತುಂಬಿಸಬೇಕೇ? ಬೇಡ. ಮಾಮೂಲಿ ಗಾಳಿಯಲ್ಲೇ 78 ಶೇಕಡಾ ನೈಟ್ರೋಜನ್ ಇದೆ. ನಿಧಾನವಾಗಿ ಓಡುವ ಟ್ರ್ಯಾಕ್ಟರಿಗೆ ಅದಕ್ಕೆಂದು ದುಡ್ಡು ಕೊಡುವ ಅಗತ್ಯವಿಲ್ಲ.

ನೀರು ತುಂಬಿಸುವುದು: ಯಾರಿಗೆ, ಯಾವಾಗ?

ಟೈರಿಗೆ ನೀರು ತುಂಬಿಸುವುದು ಮೂಢನಂಬಿಕೆಯಲ್ಲ. ಹಿಂದಿನ ಚಕ್ರಕ್ಕೆ ಭಾರ ಸೇರಿಸಿ ಜಾರುವುದನ್ನು ತಡೆಯುವ ಹಳೆಯ, ಅಗ್ಗದ ಉಪಾಯ. ವಾಲ್ವ್ ಮೇಲ್ತುದಿಗೆ ಬರುವಂತೆ ಚಕ್ರ ನಿಲ್ಲಿಸಿ, ಟೈರಿನ ಮುಕ್ಕಾಲು ಭಾಗದವರೆಗೆ ಮಾತ್ರ ನೀರು ತುಂಬಿ, ಉಳಿದದ್ದಕ್ಕೆ ಗಾಳಿ ಹಾಕಬೇಕು. ಪೂರ್ತಿ ನೀರು ತುಂಬಿದರೆ ಟೈರಿಗೆ ಬಾಗಲು ಜಾಗವಿರುವುದಿಲ್ಲ, ಒಂದು ಕಲ್ಲಿನ ಹೊಡೆತಕ್ಕೇ ಒಳಗಿನ ದಾರ ಹರಿಯಬಹುದು. 13.6-28ರ ಟೈರಿಗೆ ಮುಕ್ಕಾಲು ಎಂದರೆ ಒಂದಕ್ಕೆ ಸುಮಾರು ಒಂದೂವರೆ ಕ್ವಿಂಟಲ್ ನೀರು, ಎರಡಕ್ಕೆ ಮೂರು ಕ್ವಿಂಟಲ್. ಚಳಿದೇಶಗಳ ವಿಡಿಯೋ ನೋಡಿ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಲು ಹೋಗಬೇಡಿ. ಅದು ನೀರು ಮಂಜುಗಡ್ಡೆ ಆಗದಿರಲು ಹಾಕುವುದು, ನಮಗೆ ಆ ಚಿಂತೆಯಿಲ್ಲ.

ಪ್ರಶ್ನೆ, ಆ ಭಾರ ನಿಮಗೆ ಬೇಕೇ ಎಂಬುದು. ಬೇಡದ ಮೂರು ಕ್ವಿಂಟಲ್ ಹೊತ್ತು ದಿನವಿಡೀ ಓಡಾಡಿದರೆ ಡೀಸೆಲ್ ಸುಡುತ್ತದೆ, ಬ್ರೇಕ್ ಸವೆಯುತ್ತದೆ, ಮಣ್ಣು ಗಟ್ಟಿಯಾಗುತ್ತದೆ. ತಿಳಿಯಲು ಸರಳ ಪರೀಕ್ಷೆ ಇದೆ. ಹಿಂದಿನ ಟೈರಿಗೆ ಸುಣ್ಣದಲ್ಲಿ ಗುರುತು ಹಾಕಿ. ಹೊಲದಲ್ಲಿ ನೇಗಿಲು ಎತ್ತಿಕೊಂಡು ಚಕ್ರ ಹತ್ತು ಸುತ್ತು ತಿರುಗುವಷ್ಟು ಓಡಿಸಿ, ದೂರ ಅಳೆಯಿರಿ. 40 ಮೀಟರ್ ಬಂತು ಎಂದುಕೊಳ್ಳಿ. ಈಗ ನೇಗಿಲು ಇಳಿಸಿ ಮತ್ತೆ ಹತ್ತು ಸುತ್ತು. 35 ಮೀಟರ್ ಬಂದರೆ ಐದು ಮೀಟರ್ ಜಾರಿಹೋಯಿತು, ಅಂದರೆ 12.5 ಶೇಕಡಾ. ಟೂ ವೀಲ್ ಡ್ರೈವ್‌ಗೆ 10ರಿಂದ 15 ಶೇಕಡಾ ಜಾರುವುದು ಸರಿಯಾದ ಮಟ್ಟ. 20 ದಾಟಿದರೆ ಭಾರ ಸೇರಿಸಿ ಅಥವಾ ಗಾಳಿ ನೋಡಿ. ಐದಾರಕ್ಕಿಂತ ಕಡಿಮೆ ಇದ್ದರೆ ಸಂಭ್ರಮಪಡಬೇಡಿ, ಭಾರ ಹೆಚ್ಚಾಗಿದೆ ಎಂದರ್ಥ. ಆಗ ಹೊಡೆತವೆಲ್ಲ ಗೇರ್‌ಬಾಕ್ಸ್, ಆಕ್ಸಲ್‌ಗೆ ಬೀಳುತ್ತದೆ.

ಹಿಂದಕ್ಕೆ ಭಾರ ಹೆಚ್ಚಿ ಮುಂದೆ ಹಗುರಾದರೆ ಸ್ಟೇರಿಂಗ್ ಹಿಡಿತ ತಪ್ಪುತ್ತದೆ, ಏರಿನಲ್ಲಿ ಲೋಡ್ ಎಳೆಯುವಾಗ ಮುಂದಿನ ಚಕ್ರ ಮೇಲೇಳುತ್ತದೆ. ಟ್ರ್ಯಾಕ್ಟರ್ ಹಿಮ್ಮುಖವಾಗಿ ಮಗುಚಿದರೆ ಚಾಲಕನಿಗೆ ಜಿಗಿಯಲೂ ಸಮಯ ಸಿಗುವುದಿಲ್ಲ. ರೀಲ್ಸ್‌ಗಳಲ್ಲಿ ಮುಂದಿನ ಚಕ್ರ ಎತ್ತಿ ಓಡಿಸುವುದನ್ನು ಸಾಹಸವೆಂಬಂತೆ ತೋರಿಸುತ್ತಾರೆ. ಲೈಕ್ ಒತ್ತುವ ಮೊದಲು ಇದನ್ನು ಯೋಚಿಸಿ.

ಫೋರ್ ವೀಲ್ ಡ್ರೈವ್ ಇದ್ದರೆ ಹುಷಾರು

ಫೋರ್ ವೀಲ್ ಡ್ರೈವ್‌ನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಸ್ವಲ್ಪ ವೇಗವಾಗಿ, ಸಾಮಾನ್ಯವಾಗಿ 1ರಿಂದ 5 ಶೇಕಡಾ, ಓಡುವಂತೆ ಕಂಪನಿ ಗೇರ್ ಲೆಕ್ಕ ಹಾಕಿರುತ್ತದೆ. ಮುಂದಿನದು ಮಣ್ಣನ್ನು ಹಿಡಿದು ಎಳೆಯಲಿ ಎಂಬುದು ಉದ್ದೇಶ. ನೀವು ಹಿಂದಿನ ಎರಡು ಟೈರ್ ಮಾತ್ರ ದೊಡ್ಡದು ಮಾಡಿಸಿದರೆ ಈ ಲೆಕ್ಕ ಬುಡಮೇಲಾಗುತ್ತದೆ. ಮುಂದಿನದು, ಹಿಂದಿನದು ಒಂದಕ್ಕೊಂದು ಜಗ್ಗಾಡುತ್ತವೆ. ಟೈರ್ ಬೇಗ ಸವೆಯುವುದು ಸಣ್ಣ ನಷ್ಟ, ಮುಂದಿನ ಆಕ್ಸಲ್ ಗೇರ್ ಹೋದರೆ ದೊಡ್ಡ ನಷ್ಟ. ಸೈಜ್ ಬದಲಿಸುವುದಾದರೆ ಕಂಪನಿ ಪಟ್ಟಿಯಲ್ಲಿರುವ ಜೋಡಿಯನ್ನೇ, ನಾಲ್ಕೂ ಸೇರಿಸಿ ಬದಲಿಸಿ. ಗಟ್ಟಿ ರಸ್ತೆಯಲ್ಲಿ ಓಡುವಾಗ ಫೋರ್ ವೀಲ್ ಆಫ್ ಮಾಡಿ.

ರಬ್ಬರ್ ಟೈರ್ ಬಂದಾಗಲೂ ನಂಬಿರಲಿಲ್ಲ

ಅನುಮಾನಗಳು ಇಂದಿನವಲ್ಲ. ಮೊದಲ ಟ್ರ್ಯಾಕ್ಟರ್‌ಗಳಿಗೆ ಇದ್ದದ್ದು ಕಬ್ಬಿಣದ ಚಕ್ರ. 1932ರಲ್ಲಿ ಅಮೆರಿಕದ ಅಲಿಸ್-ಚಾಮರ್ಸ್ ಕಂಪನಿ ತನ್ನ 'ಯು' ಮಾದರಿಗೆ ಗಾಳಿ ತುಂಬಿದ ರಬ್ಬರ್ ಟೈರ್ ಹಾಕಿ ಮಾರಲು ಹೊರಟಾಗ, ಅದು ಕೆಲಸಕ್ಕೆ ಬರುತ್ತದೆ ಎಂದು ರೈತರನ್ನು ನಂಬಿಸಬೇಕಾಯಿತು. ಕಂಪನಿ ರೇಸ್ ಚಾಲಕರನ್ನು ಕೂರಿಸಿ ಟ್ರ್ಯಾಕ್ಟರ್ ರೇಸ್ ನಡೆಸಿತು. 1933ರಲ್ಲಿ ಬಾರ್ನಿ ಓಲ್ಡ್‌ಫೀಲ್ಡ್ ಗಂಟೆಗೆ 60 ಮೈಲಿಗೂ ಹೆಚ್ಚು ವೇಗದಲ್ಲಿ ಟ್ರ್ಯಾಕ್ಟರ್ ಓಡಿಸಿದ. ಅಂದಿನ ವೈರಲ್ ವಿಡಿಯೋ ಅಂದುಕೊಳ್ಳಿ. ನಮ್ಮ ಟೈರುಗಳಿಗೆ ಆ ವೇಗ ಬೇಡ: ಪಕ್ಕದಲ್ಲಿ 'ಎ6' ಎಂದಿದ್ದರೆ ಗಂಟೆಗೆ 30 ಕಿ.ಮೀ., 'ಎ8' ಎಂದಿದ್ದರೆ 40 ಕಿ.ಮೀ.ಗೆ ಮಾಡಿದ ಟೈರ್.

ಬೆಂಕಿ ಹಚ್ಚಿ ಟೈರ್ ಕೂರಿಸುವ ವಿಡಿಯೋ

ಟೈರಿನೊಳಗೆ ಪೆಟ್ರೋಲ್ ಸಿಂಪಡಿಸಿ ಬೆಂಕಿ ತಾಗಿಸಿದರೆ 'ಢಬ್' ಎಂದು ರಿಮ್ಮಿಗೆ ಕೂರುವ ವಿಡಿಯೋ ಆಗಾಗ ತಿರುಗಿ ಬರುತ್ತದೆ. ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಒಳಗಿನ ಒತ್ತಡ ಎಷ್ಟಾಗುತ್ತದೆ ಎಂಬುದು ಯಾರ ಹಿಡಿತದಲ್ಲೂ ಇರುವುದಿಲ್ಲ, ರಿಮ್ ಸಿಡಿದು ಎದುರಿದ್ದವರನ್ನು ಕೊಲ್ಲಬಹುದು. ಟೈರ್ ಅಂಚು ಕೂರದಿದ್ದರೆ ಸೋಪು ನೀರು ಹಚ್ಚಿ ಮತ್ತೆ ಪ್ರಯತ್ನಿಸಬೇಕು. ಅಂಚು ಕೂರಿಸಲು 35 ಪಿಎಸ್‌ಐ ಮೀರಬಾರದು ಎಂಬ ಎಚ್ಚರಿಕೆ ಟ್ರ್ಯಾಕ್ಟರ್ ಟೈರುಗಳಿಗೆ ಸಾಮಾನ್ಯ. ಟೈರ್ ಬಿಚ್ಚದೆ ಡಿಸ್ಕಿಗೆ ವೆಲ್ಡಿಂಗ್ ಮಾಡಿಸುವುದೂ ಇಷ್ಟೇ ಅಪಾಯ. ಗಾಳಿ ತೆಗೆದಿದ್ದರೂ ಶಾಖಕ್ಕೆ ರಬ್ಬರಿನಿಂದ ಹೊರಡುವ ಅನಿಲ ಒಳಗೇ ಹೊತ್ತಿಕೊಂಡು ಸ್ಫೋಟಿಸಬಹುದು.

ಡೆಲಿವರಿ ದಿನ ಏನು ನೋಡಬೇಕು?

ಪೂಜೆಗೆ ನಿಂಬೆಹಣ್ಣು ಇಡುವ ಮೊದಲು ಟೈರಿನ ಪಕ್ಕವನ್ನೊಮ್ಮೆ ಓದಿ. ತಯಾರಿಕೆಯ ದಿನಾಂಕ ನಾಲ್ಕು ಅಂಕಿಯಲ್ಲಿರುತ್ತದೆ. 3225 ಎಂದರೆ 2025ರ 32ನೇ ವಾರ. ಹೊಸ ಗಾಡಿಗೆ ಹಲವು ವರ್ಷ ಹಳೆಯ ಟೈರ್ ಇದ್ದರೆ ಕೇಳುವ ಹಕ್ಕು ನಿಮಗಿದೆ. ಎಡಗಡೆ, ಬಲಗಡೆ ಒಂದೇ ಕಂಪನಿಯ ಒಂದೇ ಮಾದರಿ ಇರಲಿ. ಪಕ್ಕದಲ್ಲಿರುವ ಬಾಣದ ಗುರುತು ಮುಂದೆ ಓಡುವ ದಿಕ್ಕಿಗೆ ಇರಬೇಕು. ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿದರೆ ಲಗ್‌ಗಳು ಮನೆಯ ಮಾಡಿನಂತೆ, ತುದಿ ಮೇಲಾಗಿ ಕಾಣಬೇಕು. ಹೀಗಿದ್ದರೆ ನಡುವಿನ ತುದಿ ಮೊದಲು ನೆಲಕ್ಕೆ ತಾಗಿ, ಮಣ್ಣನ್ನು ಎರಡೂ ಪಕ್ಕಕ್ಕೆ ತಳ್ಳುತ್ತಾ ಟೈರ್ ತನ್ನನ್ನು ತಾನೇ ಸ್ವಚ್ಛ ಮಾಡಿಕೊಳ್ಳುತ್ತದೆ. ಉಲ್ಟಾ ಹಾಕಿದರೆ ಮಣ್ಣು ನಡುವೆ ಸೇರಿ ಕಚ್ಚಿಕೊಳ್ಳುತ್ತದೆ.

ಬಿಲ್ಲಿನಲ್ಲಿ ಟೈರ್ ಬದಲಾವಣೆಗೆ ಪ್ರತ್ಯೇಕ ಹಣ ಹಾಕಿದ್ದರೆ ತೆರಿಗೆ ಎಷ್ಟು ಹಾಕಿದ್ದಾರೆ ನೋಡಿ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಟೈರ್ ಮತ್ತು ಟ್ಯೂಬಿನ ಜಿಎಸ್‌ಟಿ 18ರಿಂದ 5 ಶೇಕಡಾಕ್ಕೆ, ಟ್ರ್ಯಾಕ್ಟರಿನದು 12ರಿಂದ 5 ಶೇಕಡಾಕ್ಕೆ ಇಳಿದಿದೆ. ಮಧ್ಯಪ್ರದೇಶದ ಬುಧ್ನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಟ್ರ್ಯಾಕ್ಟರ್ ಮಾದರಿಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ಯಾವ ಸೈಜಿನ ಟೈರ್, ಎಷ್ಟು ಗಾಳಿ, ಎಷ್ಟು ಎಳೆತ ಎಂಬುದೆಲ್ಲ ಅದರಲ್ಲಿ ದಾಖಲಾಗಿರುತ್ತದೆ. ನೀವು ಕೊಳ್ಳುವ ಮಾದರಿಯ ವರದಿಯನ್ನು ಡೀಲರ್ ಬಳಿ ಕೇಳಿ, ಅದರಲ್ಲಿರುವ ಟೈರಿನ ಅಳತೆಯನ್ನು ನಿಮ್ಮ ಗಾಡಿಯ ಟೈರಿನ ಜೊತೆ ತಾಳೆ ನೋಡಿ.